ನಮ್ಮೂರಲ್ಲೇ ಸೇನಾ ಕಾರ್ಯಾಚರಣೆಗಳ ಎಕ್ಸಿಬಿಷನ್ ಮಾಡೋದು ಹೇಗೆ? ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯವರಿಗೆ

ಜುಲೈ 26 ಹತ್ರ ಬಂತು ಅಂದ್ರೆ ನಮ್ಮ ಕಡೆ ಸ್ಕೂಲು ಕಾಲೇಜುಗಳಲ್ಲಿ ಕಾರ್ಗಿಲ್ ವಿಜಯ ದಿವಸಕ್ಕೆ ಏನಾದ್ರೂ ಮಾಡ್ಬೇಕು ಅಂತ ಓಡಾಟ ಶುರುವಾಗುತ್ತೆ. ಥರ್ಮಾಕೋಲ್ ಟ್ಯಾಂಕು, ರಟ್ಟಿನ ಬಂದೂಕು, ಗೂಗಲ್‌ನಲ್ಲಿ ಸಿಕ್ಕಿದ ನಾಲ್ಕು ಫೋಟೋ, ಜೋರಾಗಿ ಒಂದು ಹಾಡು, ಮುಗೀತು. ಮಕ್ಕಳು ಕಷ್ಟಪಟ್ಟು ಮಾಡಿರ್ತಾರೆ, ಅದು ನಂಗೆ ಗೊತ್ತು, ಆದ್ರೆ ನೋಡಿದವರು ಮನೆಗೆ ಹೋದ್ಮೇಲೆ ಕಾರ್ಗಿಲ್ ಯುದ್ಧ ನಡೆದ ತೊಲೋಲಿಂಗ್ ಬೆಟ್ಟ ಎಲ್ಲಿದೆ, ಅಲ್ಲಿ ಯಾಕೆ ಯುದ್ಧ ಆಯ್ತು ಅಂತ ಕೇಳಿದ್ರೆ ಹೇಳಕ್ಕಾಗಲ್ಲ. ಸ್ವಲ್ಪ ಬೇರೆ ಥರ ಯೋಚನೆ ಮಾಡಿದ್ರೆ ಅದೇ ದುಡ್ಡಲ್ಲಿ, ಅದೇ ರೂಮಲ್ಲಿ, ಜನ ನಿಂತು ಓದೋ ಅಂಥ ಪ್ರದರ್ಶನ ಮಾಡಬಹುದು. ಅದನ್ನ ಹೇಗೆ ಮಾಡೋದು ಅಂತ ನಂಗೆ ತಿಳಿದಷ್ಟು ಬರೀತೀನಿ.

ಎಲ್ಲಕ್ಕಿಂತ ಮೊದಲು ಒಂದು ವಿಷಯ. ಟಿಪ್ಪು ಕಾಲದ ಯುದ್ಧದ ಬಗ್ಗೆ ಪ್ರದರ್ಶನ ಮಾಡಿದ್ರೆ ಅದರಲ್ಲಿ ಹೋರಾಡಿದವರು ಬಂದು ನೋಡಲ್ಲ. 1999ರ ಕಾರ್ಗಿಲ್ ಬಗ್ಗೆನೋ 2016ರ ಸರ್ಜಿಕಲ್ ಸ್ಟ್ರೈಕ್ ಬಗ್ಗೆನೋ ಮಾಡಿದ್ರೆ ನೋಡ್ತಾರೆ. ಅಲ್ಲಿ ಗಾಯ ಆದವರು ಪಕ್ಕದ ಬೀದೀಲಿ ಇರ್ತಾರೆ, ಗಂಡನ್ನ ಕಳ್ಕೊಂಡವರು ಮಗನ ಕೈ ಹಿಡ್ಕೊಂಡು ಒಳಗೆ ಬರ್ತಾರೆ, ಅವರು ಈ ಗೋಡೆ ಮುಂದೆ ನಿಂತ್ರೆ ಏನನ್ಸುತ್ತೆ ಅಂತ ಪ್ರತಿ ಫೋಟೋ ಹಾಕೋವಾಗ್ಲೂ ಕೇಳ್ಕೊಳ್ಳಿ. ರಕ್ತ, ಶವ, ಚೂರಾದ ಗಾಡಿ, ಇವೆಲ್ಲ ಬೇಡ್ವೇ ಬೇಡ. ನಾನು ಮುಂದೆ ಹೇಳೋ ಸಲಹೆಗಳಲ್ಲಿ ಮುಕ್ಕಾಲು ಪಾಲು ಇದರಿಂದಲೇ ಬಂದಿದ್ದು.

ಯಾವ ಕಾರ್ಯಾಚರಣೆ ತಗೋಬೇಕು? ಕಾರ್ಗಿಲ್ ಎಲ್ಲರಿಗೂ ನೆನಪಿಗೆ ಬರುತ್ತೆ, ತಗೊಳ್ಳಿ, ಆದ್ರೆ ಅದೊಂದೇ ಬೇಡ. 1984ರ ಏಪ್ರಿಲ್ 13ಕ್ಕೆ ಸಿಯಾಚಿನ್‌ನಲ್ಲಿ ಶುರುವಾದ ಆಪರೇಷನ್ ಮೇಘದೂತ್ ಇದೆ. 1987ರಿಂದ 1990ರವರೆಗೆ ಶ್ರೀಲಂಕಾಗೆ ಹೋಗಿದ್ದ ಶಾಂತಿಪಾಲನಾ ಪಡೆ ಇದೆ, ನಮ್ಮವರು ಐಪಿಕೆಎಫ್ ಅಂತಾರಲ್ಲ ಅದು. ಅಲ್ಲಿ ನಮ್ಮ ಸಾವಿರದ ನೂರಕ್ಕೂ ಹೆಚ್ಚು ಸೈನಿಕರು ಸತ್ರು, ಮೇಜರ್ ರಾಮಸ್ವಾಮಿ ಪರಮೇಶ್ವರನ್ ಅವರಿಗೆ ಪರಮವೀರ ಚಕ್ರ ಬಂತು, ಆದ್ರೆ ಅದಕ್ಕೊಂದು ವಿಜಯ ದಿವಸ ಇಲ್ಲ ನೋಡಿ, ಹಾಗಾಗಿ ಅಲ್ಲಿಗೆ ಹೋಗಿ ಬಂದವರನ್ನ ಸ್ಟೇಜಿಗೆ ಕರೆಯೋರೂ ಕಡಿಮೆ. ನಮ್ಮ ಜಿಲ್ಲೆಗಳಲ್ಲಿ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಅಥವಾ ಎಎಸ್‌ಸಿಲಿ (ಸೇನೆಗೆ ಸಾಮಾನು ಸಾಗಿಸೋ ಆರ್ಮಿ ಸರ್ವಿಸ್ ಕೋರ್) ಇದ್ದು ರಿಟೈರ್ ಆದ ಐವತ್ತು ಅರವತ್ತು ದಾಟಿದ ಹವಾಲ್ದಾರ್‌ಗಳನ್ನ ಮಾತಾಡ್ಸಿ, ಜಾಫ್ನಾ, ಟ್ರಿಂಕೋಮಲಿ ಹೆಸರು ಬಂದೇ ಬರುತ್ತೆ. ಅವರಿಗೆ ಒಂದು ಗೋಡೆ ಕೊಡಿ. ಇದನ್ನ ನಾನು ಕೈ ಮುಗಿದು ಕೇಳ್ತೀನಿ.

ಬಂದೂಕಿಲ್ಲದ ಕಾರ್ಯಾಚರಣೆಗಳೂ ಸೇನೆಯವೇ. 2015ರಲ್ಲಿ ಯೆಮನ್‌ನಿಂದ ಆಪರೇಷನ್ ರಾಹತ್‌ನಲ್ಲಿ 4,600ಕ್ಕೂ ಹೆಚ್ಚು ಭಾರತೀಯರನ್ನ, ಜೊತೆಗೆ ಎಷ್ಟೋ ದೇಶದವರನ್ನ ಕರ್ಕೊಂಡು ಬಂದ್ರು. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಿಂದ ಆಪರೇಷನ್ ಕಾವೇರಿ. ಆಯುರ್ವೇದದ ಎಣ್ಣೆ, ಗಿಡಮೂಲಿಕೆ ಮಾರಕ್ಕೆ ಅಂತ ಅಲ್ಲಿಗೆ ಹೋಗಿ ಸಿಕ್ಕಾಕೊಂಡವರಲ್ಲಿ ನಮ್ಮ ಕರ್ನಾಟಕದ ಹಕ್ಕಿಪಿಕ್ಕಿ ಜನ ಇದ್ರು. ಖಾರ್ಟೂಮ್‌ನಿಂದ ಸುಮಾರು 40 ಕಿಲೋಮೀಟರ್ ದೂರದ ವಾಡಿ ಸೆಯಿದ್ನಾ ಅನ್ನೋ ಏರ್‌ಸ್ಟ್ರಿಪ್‌ನಲ್ಲಿ ರನ್‌ವೇ ಲೈಟೇ ಇರ್ಲಿಲ್ಲ, ವಾಯುಪಡೆಯ ಸಿ-130ಜೆ ವಿಮಾನದ ಪೈಲಟ್‌ಗಳು ನೈಟ್ ವಿಷನ್ ಕನ್ನಡಕ ಹಾಕ್ಕೊಂಡು ರಾತ್ರಿ ಕತ್ತಲಲ್ಲಿ ಇಳಿಸಿ 121 ಜನರನ್ನ ತಂದ್ರು. ಇದನ್ನ ಮಕ್ಕಳಿಗೆ ಚಿತ್ರ ಬರೆಯಕ್ಕೆ ಕೊಡಿ, ಹಾಳೆ ಪೂರ್ತಿ ಕಪ್ಪು ಬಳಿದು ಅದರ ಮೇಲೆ ಹಸಿರು ಪೇಸ್ಟಲ್‌ನಲ್ಲಿ ಮಾತ್ರ ಬರೀರಿ ಅಂತ. ಎಂಥ ಚೆನ್ನಾಗಿ ಬರುತ್ತೆ ಅಂತ ನೋಡಿ.

ತುಮಕೂರಿನವರಿಗೆ ಇನ್ನೊಂದು ದಾರಿ ಇದೆ. 2023ರ ಫೆಬ್ರವರಿ 6ಕ್ಕೆ ಗುಬ್ಬಿ ತಾಲ್ಲೂಕಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಫ್ಯಾಕ್ಟರಿ ಉದ್ಘಾಟನೆ ಆಯ್ತು, 615 ಎಕರೆ ಜಾಗ, ಮೊದಲಿಗೆ ಲಘು ಉಪಯೋಗಿ ಹೆಲಿಕಾಪ್ಟರ್ ಮಾಡಕ್ಕೆ ಅಂತ. ಸಿಯಾಚಿನ್‌ನಲ್ಲಿ ಇಷ್ಟು ವರ್ಷ ಸೀಮೆಎಣ್ಣೆ, ಊಟ, ಔಷಧಿ ಹೊತ್ತಿರೋ ಚೀತಾ ಹೆಲಿಕಾಪ್ಟರ್ ಜಾಗಕ್ಕೆ ಬರಬೇಕಾದ್ದು ಇದೇ. ಇನ್ನೂ ಒಂದು, ಅದೇ ಫೆಬ್ರವರಿ 6ರ ದಿನವೇ ಟರ್ಕಿಯಲ್ಲಿ ದೊಡ್ಡ ಭೂಕಂಪ ಆಗಿದ್ದು, ಅದಾದ್ಮೇಲೆ ಆಪರೇಷನ್ ದೋಸ್ತ್‌ನಲ್ಲಿ ನಮ್ಮ 60 ಪ್ಯಾರಾ ಫೀಲ್ಡ್ ಹಾಸ್ಪಿಟಲ್‌ನವರು ಅಲ್ಲಿ ಹೋಗಿ ಆಸ್ಪತ್ರೆ ಹಾಕಿದ್ರು. ಈ ಎರಡೂ ಸುದ್ದಿಯನ್ನ ಒಂದೇ ಬೋರ್ಡಲ್ಲಿ ಅಕ್ಕಪಕ್ಕ ಹಾಕಿದ್ರೆ ಗುಬ್ಬಿ ಹುಡುಗ ನಿಂತು ಓದ್ತಾನೆ.

2025ರ ಆಪರೇಷನ್ ಸಿಂಧೂರ್ ಹಾಕೋದಾದ್ರೆ ಹುಷಾರಾಗಿ ಹಾಕಿ. ಏಪ್ರಿಲ್ 22ಕ್ಕೆ ಪಹಲ್ಗಾಮ್‌ನಲ್ಲಿ ಉಗ್ರರು 26 ಜನರನ್ನ ಕೊಂದಿದ್ದು, ಮೇ 7ರ ಬೆಳಗಿನ ಜಾವ ನಮ್ಮ ಪಡೆಗಳು ಪಾಕಿಸ್ತಾನ ಮತ್ತೆ ಪಾಕ್ ಆಕ್ರಮಿತ ಕಾಶ್ಮೀರದ 9 ಜಾಗಗಳ ಮೇಲೆ ದಾಳಿ ಮಾಡಿದ್ದು, ಮೇ 10ಕ್ಕೆ ಗುಂಡಿನ ಸದ್ದು ನಿಂತಿದ್ದು, ಸರ್ಕಾರದ ಬ್ರೀಫಿಂಗ್‌ನಲ್ಲಿ ಹೇಳಿದ ಮಾತು, ಇಷ್ಟಕ್ಕೆ ನಿಲ್ಲಿಸಿ. ಆ ನಾಲ್ಕು ದಿನ ವಾಟ್ಸಾಪ್‌ನಲ್ಲಿ ಬಂದ ವಿಡಿಯೋಗಳಲ್ಲಿ ಆರ್ಮಾ 3 ಅನ್ನೋ ವಿಡಿಯೋ ಗೇಮ್‌ನ ತುಣುಕುಗಳನ್ನೂ ನಿಜ ಅಂತ ಹರಿಬಿಟ್ಟಿದ್ರು, ಕೇಂದ್ರ ಸರ್ಕಾರದ ಸುದ್ದಿ ಸಂಸ್ಥೆ ಪಿಐಬಿಯ ಫ್ಯಾಕ್ಟ್‌ಚೆಕ್‌ನವರೇ ಅದನ್ನ ಹೇಳ್ಬೇಕಾಯ್ತು. ಈಗಂತೂ ಎಐ ಚಿತ್ರಗಳು. ಹಿಮದಲ್ಲಿ ಬಾವುಟ ಹಿಡಿದ ಸೈನಿಕ, ಮುಖ ನೋಡಿದ್ರೆ ಸಿನಿಮಾ ಹೀರೋ, ಕೈ ನೋಡಿದ್ರೆ ಆರು ಬೆರಳು. ಅಂಥದ್ದು ಒಂದೇ ಒಂದು ಗೋಡೆ ಮೇಲೆ ಹೋದ್ರೂ ಪಕ್ಕದಲ್ಲಿರೋ ನಿಜವಾದ ಫೋಟೋದ ಮೇಲೂ ಜನಕ್ಕೆ ಅನುಮಾನ ಬರುತ್ತೆ. ಪಿಐಬಿ, ರಕ್ಷಣಾ ಸಚಿವಾಲಯ, ಮೂರೂ ಪಡೆಗಳ ಅಧಿಕೃತ ಪೇಜ್, ಮನೆಯವರು ಕೈಯಾರೆ ಕೊಟ್ಟ ಫೋಟೋ, ಇಷ್ಟೇ ಬಳಸಿ, ಕೆಳಗೆ ಎಲ್ಲಿಂದ ಬಂತು ಅಂತ ಬರೀರಿ. ಸಿಂಧೂರ್‌ನ ಲೋಗೋ ಬೇಕಾದ್ರೆ ಕಲೆ ಅಂತಲೇ ಇಟ್ಟು ಮಾತಾಡಬಹುದು, ಕಪ್ಪು ಹಿನ್ನೆಲೆ, ಇಂಗ್ಲಿಷ್‌ನ ಒಂದು ಓ ಅಕ್ಷರದ ಜಾಗದಲ್ಲಿ ಕುಂಕುಮದ ಬಟ್ಟಲು, ಚೆಲ್ಲಿದ ಕೆಂಪು. ಅದನ್ನ ಯಾವುದೋ ಕಂಪನಿಯವರು ಮಾಡಿದ್ದಲ್ಲ, ಸೇನೆಯವರೇ ಆದ ಲೆಫ್ಟಿನೆಂಟ್ ಕರ್ನಲ್ ಹರ್ಷ್ ಗುಪ್ತಾ ಮತ್ತೆ ಹವಾಲ್ದಾರ್ ಸುರಿಂದರ್ ಸಿಂಗ್ ಮಾಡಿದ್ದು.

ಈಗ ವಸ್ತುಗಳನ್ನ ಸೇರಿಸೋದು. ಊರಿನ ಮಾಜಿ ಸೈನಿಕರ ಸಂಘಕ್ಕೆ ಹೋಗಿ, ಮಾಜಿ ಸೈನಿಕರಿಗೆ ಚಿಕಿತ್ಸೆ ಕೊಡೋ ಇಸಿಎಚ್‌ಎಸ್ ಪಾಲಿಕ್ಲಿನಿಕ್‌ನಲ್ಲಿ ಔಷಧಿಗೆ ಕಾಯ್ತಾ ಕೂತಿರೋರನ್ನ ಮಾತಾಡ್ಸಿ, ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಯಾವ ಕಚೇರಿಗೆ ನಿಮ್ಮ ಜಿಲ್ಲೆ ಸೇರುತ್ತೆ ಅಂತ ಕೇಳ್ಕೊಂಡು ಒಂದು ಪತ್ರ ಕೊಡಿ. ಮನೆಗೆ ಹೋದಾಗ ಮೆಡಲ್ ಕೇಳ್ಬೇಡಿ ಮೊದಲು. ಟ್ರಂಕ್ ಕೇಳಿ. ಸೇನೆಯಲ್ಲಿದ್ದವರ ಮನೆ ಅಟ್ಟದ ಮೇಲೆ ಒಂದು ಕಪ್ಪು ಕಬ್ಬಿಣದ ಟ್ರಂಕ್ ಇರುತ್ತೆ, ಮುಚ್ಚಳದ ಮೇಲೆ ಬಿಳಿ ಪೇಂಟಲ್ಲಿ ನಂಬರು, ರ್‍ಯಾಂಕು, ಹೆಸರು. ಪ್ರಮೋಷನ್ ಆದಾಗೆಲ್ಲ ಹಳೆ ರ್‍ಯಾಂಕ್ ಮೇಲೆ ಕಪ್ಪು ಬಳಿದು ಹೊಸದು ಬರೆದಿರ್ತಾರೆ, ಸೂರ್ಯನ ಬೆಳಕಿಗೆ ಓರೆಯಾಗಿ ಹಿಡಿದ್ರೆ ಸಿಪಾಯಿ, ನಾಯಕ್, ಹವಾಲ್ದಾರ್ ಮೂರೂ ಒಂದರ ಕೆಳಗೊಂದು ಉಬ್ಬಿ ಕಾಣುತ್ತೆ. ಇಡೀ ಸರ್ವಿಸ್ ಒಂದು ಮುಚ್ಚಳದ ಮೇಲೆ. ಅದನ್ನ ಹೊಸದಾಗಿ ಪೇಂಟ್ ಮಾಡಿಸ್ಬೇಡಿ ದಯವಿಟ್ಟು, ಮನೆಯವರು ಚೆನ್ನಾಗಿ ಕಾಣ್ಲಿ ಅಂತ ಮಾಡ್ಸಕ್ಕೆ ಹೋಗ್ತಾರೆ, ನೀವೇ ತಡೀಬೇಕು. ಪಕ್ಕದಿಂದ ಒಂದು ಟೇಬಲ್ ಲ್ಯಾಂಪ್ ಇಡಿ ಸಾಕು.

ಟ್ರಂಕ್ ಒಳಗೆ ಇನ್ಲ್ಯಾಂಡ್ ಲೆಟರ್ ಸಿಗುತ್ತೆ. ವಿಳಾಸದಲ್ಲಿ ಕೇರ್ ಆಫ್ 56 ಎಪಿಒ ಅಥವಾ 99 ಎಪಿಒ (ಎಪಿಒ ಅಂದ್ರೆ ಸೇನೆಯ ಅಂಚೆ ಕಚೇರಿ) ಅಂತಿರುತ್ತೆ, ಸೈನಿಕ ಎಲ್ಲಿದ್ದಾನೆ ಅಂತ ಮನೆಯವರಿಗೂ ಗೊತ್ತಾಗದ ವಿಳಾಸ. ಮಕ್ಕಳಿಗೆ ಇದನ್ನ ತೋರಿಸಿ ವಿವರಿಸಿದ್ರೆ ಯುದ್ಧದ ಕಾಲದಲ್ಲಿ ಮನೆಯಲ್ಲಿ ಕಾಯೋದು ಅಂದ್ರೆ ಏನು ಅಂತ ಅರ್ಥ ಆಗುತ್ತೆ. ಒರಿಜಿನಲ್ ಪತ್ರ ಪ್ರದರ್ಶನಕ್ಕೆ ಇಡ್ಬೇಡಿ. ಮೊಬೈಲ್ ಆ್ಯಪ್ ಅಲ್ಲ, ಸ್ಕ್ಯಾನರ್‌ನಲ್ಲೇ 600 ಡಿಪಿಐಗೆ ಸ್ಕ್ಯಾನ್ ಮಾಡಿಸಿ, ಅದರ ಕಲರ್ ಪ್ರಿಂಟ್ ಇಡಿ, ಒರಿಜಿನಲ್ ಅವತ್ತೇ ವಾಪಸ್ ಕೊಡಿ. ಲ್ಯಾಮಿನೇಷನ್ ಅಂತೂ ಬೇಡ್ವೇ ಬೇಡ, ಒಂದ್ಸಲ ಆ ಪ್ಲಾಸ್ಟಿಕ್ ಅಂಟಿದ್ರೆ ಮತ್ತೆ ಬಿಡ್ಸಕ್ಕಾಗಲ್ಲ. ಪತ್ರದಲ್ಲಿ ಸಾಲದ ವಿಷಯ, ಗಂಡ ಹೆಂಡತಿ ಜಗಳ, ತಂಗಿ ಮದುವೆ ವಿಷಯ ಇರುತ್ತೆ. ಯಾವ ಸಾಲು ತೋರಿಸಬಹುದು ಅಂತ ಮನೆಯವರೇ ಗೆರೆ ಹಾಕಿ ಕೊಡ್ಲಿ.

ಮೆಡಲ್ ಕೊಟ್ರೆ ಅಂಚನ್ನ ನೋಡಿ, ಅದರ ಮೇಲೆ ನಂಬರು ಹೆಸರು ಕೆತ್ತಿರುತ್ತೆ, ಆ ಅಂಚು ಕಾಣೋ ಹಾಗೆ ನಿಲ್ಲಿಸಿ ಇಡಿ. ಹುಣಸೆಹಣ್ಣು, ಬ್ರಾಸೋ ಹಾಕಿ ತಿಕ್ಕಬೇಡಿ, ಕೆತ್ತಿದ ಅಕ್ಷರ ಸವೆಯುತ್ತೆ, ರಿಬ್ಬನ್ ನೆನೆದ್ರೆ ಬಣ್ಣ ಬಿಡುತ್ತೆ. ಶೋಕೇಸ್‌ಗೆ ಬೀಗ ಇರ್ಲಿ, ರಾತ್ರಿ ಸ್ಕೂಲಲ್ಲಿ ಬಿಡ್ಬೇಡಿ. ಖಾಲಿ ತೋಟಾ, ಶೆಲ್ಲಿನ ಚೂರು ಅಂತ ಯಾರಾದ್ರೂ ತಂದ್ರೆ ಬೇಡ ಅನ್ನಿ, ಅದು ಖಾಲಿನಾ ಅಲ್ವಾ ಅಂತ ಹೇಳೋ ಪರಿಣತಿ ನಮಗಿಲ್ಲ, ಆಯುಧ ಕಾಯ್ದೆ ಬೇರೆ ಇದೆ.

ಮನೆಯವರ ಹತ್ರ ಒಪ್ಪಿಗೆ ಪತ್ರ ಬರೆಸ್ಕೊಳ್ಳಿ, ಎರಡು ಪ್ರತಿ, ಅವರಿಗೊಂದು ನಿಮಗೊಂದು. ಏನೇನು ಕೊಟ್ರು, ಯಾವತ್ತು ವಾಪಸ್, ಹೆಸರು ಹಾಕಬಹುದಾ, ಫೋಟೋ ಫೇಸ್‌ಬುಕ್‌ಗೆ ಹಾಕಬಹುದಾ, ಇಷ್ಟು ಕನ್ನಡದಲ್ಲಿ ಬಿಡಿಸಿ ಬರೆದಿದ್ರೆ ಸಾಕು. ಈಗಲೂ ಸರ್ವಿಸ್‌ನಲ್ಲಿರೋ ಮಗನ ಯೂನಿಟ್ಟು, ಪೋಸ್ಟಿಂಗ್ ಜಾಗ, ಅವನು ಕಳಿಸಿದ ಸೆಲ್ಫಿ ಇವನ್ನ ತಾಯಿ ಹೆಮ್ಮೆಯಿಂದ ಕೊಟ್ರೂ ಗೋಡೆಗೆ ಹಾಕ್ಬೇಡಿ.

ಮ್ಯಾಪ್ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಗೂಗಲ್ ಇಮೇಜ್‌ನಲ್ಲಿ ಸಿಗೋ ಭಾರತದ ಮ್ಯಾಪ್‌ಗಳಲ್ಲಿ ಕಾಶ್ಮೀರದ ಮೇಲೆ ಚುಕ್ಕಿ ಗೆರೆ ಇರುತ್ತೆ, ಕೆಲವದರಲ್ಲಿ ಅರ್ಧ ಭಾಗವೇ ಇರಲ್ಲ. ಸರ್ವೆ ಆಫ್ ಇಂಡಿಯಾ ಮ್ಯಾಪ್‌ಗೆ ಹೊಂದದ ಗಡಿ ತೋರಿಸಿ ಪ್ರಕಟ ಮಾಡೋದು 1961ರ ಕ್ರಿಮಿನಲ್ ಕಾನೂನು ತಿದ್ದುಪಡಿ ಕಾಯ್ದೆ ಪ್ರಕಾರ ಅಪರಾಧ. ಅವರ ವೆಬ್‌ಸೈಟಲ್ಲೇ ಮ್ಯಾಪ್ ಸಿಗುತ್ತೆ, ಅದನ್ನೇ ತಗೊಳ್ಳಿ, 2019ರ ಅಕ್ಟೋಬರ್ 31ರಿಂದ ಲಡಾಖ್ ಬೇರೆ ಕೇಂದ್ರಾಡಳಿತ ಪ್ರದೇಶ ಅನ್ನೋದೂ ಅದರಲ್ಲಿ ಸರಿಯಾಗಿರುತ್ತೆ. ಹಾಗೇ ಮಕ್ಕಳಿಗೆ ಯೂನಿಫಾರ್ಮ್ ಹಾಕಿಸೋದು, ನಾಟಕಕ್ಕಾದ್ರೆ ಪರವಾಗಿಲ್ಲ, ಆದ್ರೆ ಗೇಟಲ್ಲಿ ವಾಲಂಟಿಯರ್‌ಗಳಿಗೆಲ್ಲ ಸೇನೆ ಬಟ್ಟೆ ಹಾಕಿ ನಿಲ್ಲಿಸೋದು ಬೇಡ. ಸೈನಿಕ ಅಂತ ನಂಬಿಸಕ್ಕೆ ಆ ಬಟ್ಟೆ ಹಾಕೋದು ಭಾರತೀಯ ನ್ಯಾಯ ಸಂಹಿತೆಯ 168ನೇ ಸೆಕ್ಷನ್ ಪ್ರಕಾರ ತಪ್ಪು, ಅದಕ್ಕಿಂತ ಹೆಚ್ಚಾಗಿ ಆ ಬಟ್ಟೆ ಹಾಕಿ ಸರ್ವಿಸ್ ಮಾಡಿದವರು ಎದುರಿಗೇ ಇರ್ತಾರೆ.

ಈಗ ಮಾಡೆಲ್. ಥರ್ಮಾಕೋಲ್ ಟ್ಯಾಂಕ್ ಬದಲು ಬೆಟ್ಟ ಮಾಡಿ ಅಂತ ನಾನು ಎಲ್ಲರಿಗೂ ಹೇಳ್ತೀನಿ. ಸೇನೆಯವರೇ ದಾಳಿಗೆ ಮುಂಚೆ ನೆಲದ ಮೇಲೆ ಮಣ್ಣಲ್ಲಿ ಬೆಟ್ಟ ಮಾಡ್ಕೊಂಡು ಪ್ಲಾನ್ ವಿವರಿಸ್ತಾರೆ, ಸ್ಯಾಂಡ್ ಮಾಡೆಲ್ ಅಂತಾರೆ. ನಾಲ್ಕಡಿಗೆ ನಾಲ್ಕಡಿ ಪ್ಲೈವುಡ್ ತಗೊಳ್ಳಿ, 1 ಸೆಂಟಿಮೀಟರ್‌ಗೆ 100 ಮೀಟರ್ ಅಂತ ಸ್ಕೇಲ್ ಇಟ್ಕೊಂಡ್ರೆ ಸುಮಾರು 12 ಕಿಲೋಮೀಟರ್ ಜಾಗ ಕೂರುತ್ತೆ, ದ್ರಾಸ್, ತೊಲೋಲಿಂಗ್, ಟೈಗರ್ ಹಿಲ್ ಮೂರನ್ನೂ ಹಿಡಿಸೋ ಪ್ರಯತ್ನ ಮಾಡಬಹುದು. ಗೂಗಲ್ ಮ್ಯಾಪ್‌ನ ಟೆರೇನ್ ವ್ಯೂನಲ್ಲಿ ಎತ್ತರದ ಗೆರೆಗಳು ಕಾಣುತ್ತೆ, ಅದನ್ನ ಟ್ರೇಸ್ ಮಾಡಿ. ಫ್ರಿಡ್ಜ್ ಅಂಗಡಿಯ ರಟ್ಟಿನ ಪೆಟ್ಟಿಗೆ ಕೇಳಿ ತನ್ನಿ, ಎರಡು ಪದರ ಅಂಟಿಸಿದ್ರೆ ಹತ್ರತ್ರ 1 ಸೆಂಟಿಮೀಟರ್ ಆಗುತ್ತೆ, ಎತ್ತರ 100 ಮೀಟರ್ ಏರೋ ಒಂದೊಂದು ಗೆರೆಗೂ ಹಾಗೆ ಅಂಟಿಸಿದ ಒಂದೊಂದು ಜೋಡಿ ಪದರ ಕತ್ತರಿಸಿ ಮೇಲೆ ಮೇಲೆ ಕೂರಿಸ್ತಾ ಹೋಗಿ. ಮೇಲೆ ಜರಡಿ ಹಿಡಿದ ಮಣ್ಣು, ಮರದ ಹೊಟ್ಟು, ಫೆವಿಕಾಲ್ ಕಲಸಿ ಮೆತ್ತಿ. ಬುಡದಲ್ಲಿ ಶ್ರೀನಗರ–ಲೇಹ್ ಹೈವೇನ ಕಪ್ಪು ಟೇಪಲ್ಲಿ ಹಾಕಿ. ಒಂದು ಶಿಖರಕ್ಕೆ ಪಾಯಿಂಟ್ 4875 ಅಂತಾರಲ್ಲ, ಆ ನಂಬರು ಮೀಟರ್‌ನಲ್ಲಿ ಅದರ ಎತ್ತರ, ಇದನ್ನ ಚೀಟಿ ಮಾಡಿ ಚುಚ್ಚಿ. ಟೈಗರ್ ಹಿಲ್ 5,062 ಮೀಟರ್.

ಆಮೇಲೆ ಮಕ್ಕಳನ್ನ ಒಬ್ಬೊಬ್ಬರಾಗಿ ಕರೆದು ತೊಲೋಲಿಂಗ್ ತುದಿ ಹತ್ರ ಕಣ್ಣಿಟ್ಟು ಕೆಳಗೆ ನೋಡಿ ಅನ್ನಿ. ರಸ್ತೆ ಅಂಗೈಯಲ್ಲಿ ಇಟ್ಟ ಹಾಗೆ ಕಾಣುತ್ತೆ. ಮೇಲೆ ಕೂತ ಪಾಕಿಸ್ತಾನದವನು ಲೇಹ್‌ಗೆ ಹೋಗೋ ಒಂದೊಂದು ಲಾರಿನೂ ನೋಡಿ ಹೊಡೀಬಹುದಿತ್ತು, ಅದಕ್ಕೇ ಮೊದಲು ತೊಲೋಲಿಂಗ್ ಬೇಕಾಗಿತ್ತು, ಜೂನ್ 13ಕ್ಕೆ ಅದು ಸಿಕ್ತು, ಜುಲೈ 4ಕ್ಕೆ ಟೈಗರ್ ಹಿಲ್. ಐದು ಪುಟದ ಪಾಠದಲ್ಲಿ ಅರ್ಥ ಆಗದ್ದು ಐದು ಸೆಕೆಂಡಲ್ಲಿ ಅರ್ಥ ಆಗುತ್ತೆ. ಚಿಕ್ಕಬಳ್ಳಾಪುರದವರಾದ್ರೆ ಪಕ್ಕದಲ್ಲಿ ಎರಡು ಕೋಲು ನಿಲ್ಲಿಸಿ, ಸಮುದ್ರ ಮಟ್ಟದಿಂದ ಲೆಕ್ಕ ಹಾಕಿ ನಂದಿ ಬೆಟ್ಟಕ್ಕೆ 15 ಸೆಂಟಿಮೀಟರ್ (1,478 ಮೀಟರ್ ಅಲ್ವಾ), ಟೈಗರ್ ಹಿಲ್‌ಗೆ 50. ನಂದಿಗೆ ಮೆಟ್ಟಿಲು ಹತ್ತಿ ಉಸಿರು ಬಿಟ್ಟವರು ಆ ಕೋಲು ನೋಡಿ ಸುಮ್ನಾಗ್ತಾರೆ.

ಶಾಶ್ವತವಾಗಿ ಏನಾದ್ರೂ ಮಾಡೋ ಶಕ್ತಿ ಇರೋ ಊರಿನವರಿಗೆ ನನ್ನ ಮನಸ್ಸಲ್ಲಿರೋದು ಒಂದೇ, ವೀರಗಲ್ಲು. ನಮ್ಮ ಜಿಲ್ಲೆಗಳಲ್ಲಿ ಕೆರೆ ಏರಿ ಮೇಲೆ, ಗುಡಿ ಹಿಂದೆ, ಹೊಲದ ಬದುವಲ್ಲಿ ಎಷ್ಟು ವೀರಗಲ್ಲು ಬಿದ್ದಿವೆ! ಗಂಗರು, ನೊಳಂಬರ ಕಾಲದಿಂದ ಊರಿಗಾಗಿ, ದನಕರುಗಾಗಿ ಸತ್ತವರಿಗೆ ನಿಲ್ಲಿಸಿದ್ದು. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನ ಕರ್ಕೊಂಡು ಹೋಗೋದು, ಮೇಲೆ ಶಿವಲಿಂಗದ ಮುಂದೆ ಅವನು ಕೂತಿರೋದು. ಶಾಸನ ಇದ್ದ ಕಡೆ ಯಾರ ಆಳ್ವಿಕೆ, ಯಾವ ಕಾಳಗ, ಯಾರು ಸತ್ತ, ಮನೆಯವರಿಗೆ ಯಾವ ಭೂಮಿ ಬಿಟ್ರು ಅಂತ ನಾಲ್ಕೇ ಸಾಲಲ್ಲಿ ಇರುತ್ತೆ. ಶಾಸನ ಸಂಶೋಧಕ ಬಿ.ಎಲ್. ರೈಸ್ ಅವರು 1904ರಲ್ಲಿ ತುಮಕೂರಿನ ಸಂಪುಟ, 1905ರಲ್ಲಿ ಕೋಲಾರದ ಸಂಪುಟ ಅಂತ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನೋ ಶಾಸನ ಸಂಗ್ರಹದಲ್ಲಿ ಇವನ್ನ ಅಚ್ಚು ಮಾಡಿದ್ದಾರೆ, ಚಿಕ್ಕಬಳ್ಳಾಪುರದ್ದೂ ಆಗ ಕೋಲಾರದಲ್ಲೇ ಸೇರಿತ್ತು. ನಿಮ್ಮೂರ ಹೆಸರು ಹುಡುಕಿ, ಸಿಕ್ಕಿದ್ರೆ ಆ ಕಲ್ಲಿನ ಫೋಟೋನ ಪ್ರದರ್ಶನದ ಮೊದಲ ಬೋರ್ಡಲ್ಲೇ ಹಾಕಿ. ದೆಹಲಿಯಲ್ಲಿ 2019ರಲ್ಲಿ ಆದ ರಾಷ್ಟ್ರೀಯ ಯುದ್ಧ ಸ್ಮಾರಕದ ತ್ಯಾಗ ಚಕ್ರದಲ್ಲಿ ಗ್ರಾನೈಟ್ ಮೇಲೆ ಒಬ್ಬೊಬ್ಬರ ಹೆಸರು ಕೆತ್ತಿದ್ದಾರೆ, ವೀರತಾ ಚಕ್ರದ ಕಂಚಿನ ಫಲಕಗಳಲ್ಲಿ ಸಿಯಾಚಿನ್‌ನ ಮೇಘದೂತ್ ಕೂಡ ಒಂದು. ನಮ್ಮೂರ ವೀರಗಲ್ಲು, ಈ ಸ್ಮಾರಕ ಎರಡನ್ನೂ ಪಕ್ಕ ಪಕ್ಕ ನೋಡಿದ್ರೆ ಸಾವಿರ ವರ್ಷದಿಂದ ನಾವು ಮಾಡ್ತಾ ಬಂದ ಕೆಲಸ ಅಂತ ಕಾಣುತ್ತೆ.

ಹೊಸ ವೀರಗಲ್ಲು ಕೆತ್ತಿಸಕ್ಕೆ ದೂರ ಹೋಗ್ಬೇಕಿಲ್ಲ, ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಶಿಲ್ಪಿಗಳ ಮನೆಗಳೇ ಇವೆ. ಹೋಗೋ ಮುಂಚೆ ಡ್ರಾಯಿಂಗ್ ಗಟ್ಟಿ ಮಾಡ್ಕೊಳ್ಳಿ. ಅವರು ದೇವರ ಮೂರ್ತಿಯಲ್ಲಿ ಪಳಗಿದ ಕೈ, ಬಂದೂಕು ಕೆತ್ತು ಅಂದ್ರೆ ಪೋಸ್ಟರ್‌ನಲ್ಲಿ ನೋಡಿದ್ದನ್ನ ಕೆತ್ತಬಹುದು, ಕಾರ್ಗಿಲ್‌ನಲ್ಲಿ ನಮ್ಮ ಸೈನಿಕರ ಕೈಯಲ್ಲಿ ಹೆಚ್ಚಾಗಿ ಇದ್ದಿದ್ದು ಇನ್ಸಾಸ್ ರೈಫಲ್, ಅದರ ನಾಲ್ಕೂ ಕಡೆಯ ಫೋಟೋ ಕೊಡಿ. ಅದೇ ಪಡೆಯಲ್ಲಿದ್ದ ಒಬ್ಬ ಮಾಜಿ ಸೈನಿಕರನ್ನ ಜೊತೆಗೇ ಕರ್ಕೊಂಡು ಹೋಗಿ, ಬೆಲ್ಟ್ ಎಲ್ಲಿ ಬರುತ್ತೆ, ಬೂಟ್ ಹೇಗಿರುತ್ತೆ ಅಂತ ಅವರು ಶಿಲ್ಪಿಗೆ ಹೇಳ್ಲಿ. ಮೇಲಿನ ಪಟ್ಟಿಕೆಯಲ್ಲಿ ಏನು ಬರಬೇಕು ಅಂತ ಮನೆಯವರನ್ನ ಕೇಳಿ, ಸತ್ತವರು ಬೇರೆ ಧರ್ಮದವರಾಗಿದ್ರೆ ಲಿಂಗ ಕೆತ್ತಿಸೋದು ಸರಿಯಲ್ಲ, ಅವರ ಊರಿನ ಕೆರೆನೋ ಮನೆನೋ ಕೆತ್ತಿಸಬಹುದು. ಹೆಸರಿನ ಕಾಗುಣಿತವನ್ನ ಮನೆಯವರ ಕೈಯಲ್ಲೇ ಬರೆಸಿ ಸಹಿ ಹಾಕಿಸ್ಕೊಳ್ಳಿ, ಕಲ್ಲಿನ ಮೇಲೆ ಆಮೇಲೆ ತಿದ್ದಕ್ಕಾಗಲ್ಲ.

ಬೋರ್ಡಿನ ಬರಹಕ್ಕೂ ವೀರಗಲ್ಲಿನ ಆ ನಾಲ್ಕು ಸಾಲಿನ ಶಾಸನವೇ ಮಾದರಿ. ಯಾರು, ಎಲ್ಲಿ, ಯಾವಾಗ, ಏನಾಯ್ತು. "ಈ ಟ್ರಂಕ್ 1987ರಲ್ಲಿ ಬೆಂಗಳೂರಿಂದ ಜಾಫ್ನಾಗೆ ಹೋಯ್ತು, ಎರಡು ವರ್ಷ ಆದ್ಮೇಲೆ ವಾಪಸ್ ಬಂತು, ಈಗ ಮನೆಯಲ್ಲಿ ರಾಗಿ ಇಡಕ್ಕೆ ಬಳಸ್ತಾರೆ" ಈ ಥರ. ಮೈ ಜುಮ್ಮೆನ್ನುವ, ರೋಮಾಂಚನಕಾರಿ ಅನ್ನೋ ಪದಗಳನ್ನ ತೆಗೀರಿ, ವಿಷಯದಲ್ಲೇ ಅದಿದೆ. ಅರವತ್ತು ಎಂಬತ್ತು ಪದಕ್ಕಿಂತ ಜಾಸ್ತಿ ಒಂದು ಬೋರ್ಡಲ್ಲಿ ಬೇಡ, ನಿಂತ್ಕೊಂಡು ಓದೋರಿಗೆ ಅಷ್ಟೇ ಆಗೋದು. ಪ್ರಿಂಟಿಂಗ್ ಅಂಗಡಿಗೆ ವಾಟ್ಸಾಪ್‌ನಲ್ಲಿ ಯೂನಿಕೋಡ್ ಕಳಿಸಿದ್ರೆ ಅವರ ಸಾಫ್ಟ್‌ವೇರ್‌ನಲ್ಲಿ ಒತ್ತಕ್ಷರ ಒಡೆದು ಚೆಲ್ಲಾಪಿಲ್ಲಿ ಆಗುತ್ತೆ, ಅವರು ನುಡಿ ಸಾಫ್ಟ್‌ವೇರ್‌ನಲ್ಲಿ ಮತ್ತೆ ಟೈಪ್ ಮಾಡೋವಾಗ ಹೆಸರುಗಳು ತಪ್ಪುತ್ತೆ, ಹಾಗಾಗಿ ನೀವೇ ಪಿಡಿಎಫ್ ಮಾಡಿ ಕೊಡಿ ಇಲ್ಲಾಂದ್ರೆ ಪ್ರೂಫ್ ನೋಡದೆ ಪ್ರಿಂಟ್ ಹೊಡೆಸ್ಬೇಡಿ. ಫ್ಲೆಕ್ಸ್ ನಮ್ಮ ರಾಜ್ಯದಲ್ಲಿ 2016ರಿಂದಲೇ ನಿಷೇಧ, ಬಟ್ಟೆ ಅಥವಾ ಸನ್‌ಬೋರ್ಡ್ ಬಳಸಿ. ಫೋಟೋದ ಮಧ್ಯಭಾಗ ದೊಡ್ಡವರಿಗೆ ನೆಲದಿಂದ 150 ಸೆಂಟಿಮೀಟರ್, ಬರೋರು ಹೆಚ್ಚಾಗಿ ಹೈಸ್ಕೂಲ್ ಮಕ್ಕಳಾದ್ರೆ ಇನ್ನೊಂದು ಗೇಣು ಕೆಳಗೆ.

ಮಾಜಿ ಸೈನಿಕರ ಮಾತು ರೆಕಾರ್ಡ್ ಮಾಡಿ ಇಯರ್‌ಫೋನ್‌ನಲ್ಲಿ ಕೇಳಿಸಿ, ಸ್ಪೀಕರ್‌ನಲ್ಲಿ ಅಲ್ಲ. ರೆಕಾರ್ಡ್ ಮಾಡೋವಾಗ ಎಷ್ಟು ಜನರನ್ನ ಕೊಂದ್ರಿ ಅಂತ ಕೇಳ್ಬಾರದು, ಮಕ್ಕಳಿಗೆ ಇದನ್ನ ಮುಂಚೆನೇ ಹೇಳಿ ಕರ್ಕೊಂಡು ಹೋಗಿ. ಏನು ಊಟ ಮಾಡ್ತಿದ್ರಿ, ರಾತ್ರಿ ಹೇಗೆ ಮಲಗ್ತಿದ್ರಿ, ಮನೆಯಿಂದ ಪತ್ರ ಎಷ್ಟು ದಿನಕ್ಕೆ ಬರ್ತಿತ್ತು ಅಂತ ಕೇಳಿದ್ರೆ ಅವರಾಗೇ ಉಳಿದಿದ್ದು ಹೇಳ್ತಾರೆ, ಹೇಳದಿದ್ರೆ ಬಿಡಿ. ಅಡುಗೆಯವರು, ಡ್ರೈವರ್‌ಗಳು, ಸಿಗ್ನಲ್ಸ್‌ನವರು, ನರ್ಸಿಂಗ್ ಸರ್ವಿಸ್‌ನಲ್ಲಿದ್ದ ಹೆಣ್ಣುಮಕ್ಕಳು, ಇವರನ್ನ ಬಿಡ್ಬೇಡಿ, ನಾನೇನು ಯುದ್ಧ ಮಾಡಿಲ್ಲಪ್ಪ ಅಂತಾರೆ, ಕೂರಿಸ್ಕೊಂಡು ಕೇಳಿ.

ಉದ್ಘಾಟನೆಗೆ ಮುಂಚಿನ ದಿನ ಸಂಜೆ, ವಸ್ತು ಕೊಟ್ಟ ಮನೆಯವರನ್ನ ಮಾತ್ರ ಕರೀರಿ. ಭಾಷಣ, ಶಾಲು, ಹಾರ ಏನೂ ಬೇಡ, ಟೀ ಇರ್ಲಿ. ಅವರು ಒಂದೊಂದು ಬೋರ್ಡ್ ಓದ್ಲಿ, ಇದು ತಪ್ಪು ಅಂದ್ರೆ, ಇದು ಬೇಡ ಅಂದ್ರೆ ಅವತ್ತು ರಾತ್ರಿಯೇ ತೆಗೀರಿ, ಬೆಳಿಗ್ಗೆ ಎಂಎಲ್‌ಎ ಬರ್ತಾರೆ ಅಂತ ಸಬೂಬು ಹೇಳ್ಬೇಡಿ. ಕುರ್ಚಿ ಒಂದೆರಡು ಒಳಗೇ ಇರ್ಲಿ, ಕೂತ್ಕೋಬೇಕು ಅನ್ಸುತ್ತೆ ಕೆಲವರಿಗೆ. ಪ್ರದರ್ಶನ ಮುಗಿದ ಮಾರನೇ ದಿನ ವಸ್ತುಗಳನ್ನ ಅವರು ಬಂದು ತಗೊಂಡು ಹೋಗ್ಲಿ ಅಂತ ಕಾಯದೆ ನೀವೇ ಮನೆಗೆ ಒಯ್ದು, ಪಟ್ಟಿ ನೋಡಿ ಒಂದೊಂದಾಗಿ ಎಣಿಸಿ ಕೊಟ್ಟು, ಜೊತೆಗೆ ಸ್ಕ್ಯಾನ್ ಮಾಡಿದ ಪತ್ರಗಳು, ರೆಕಾರ್ಡ್ ಮಾಡಿದ ಮಾತು ಎಲ್ಲ ಹಾಕಿದ ಒಂದು ಪೆನ್‌ಡ್ರೈವ್ ಕೊಡಿ, ಒಪ್ಪಿಗೆ ಪತ್ರದ ಹಿಂದೆ ವಾಪಸ್ ಬಂತು ಅಂತ ಸಹಿ ಹಾಕಿಸ್ಕೊಳ್ಳಿ.